ಬೇಲಿಯೇ ಎದ್ದು ಹೊಲ ಮೇಯ್ದಾಗ

ಮದ್ದುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದ ಮದ್ದುಗಳ ಕಥೆಯನ್ನೇ ಬರೆಯುತ್ತಾರೆ. ಸಿಡುಬಿನ ದಾಕು, ಪೆನಿಸಿಲಿನ್, ಇನ್ಸುಲಿನ್ ಎಂದೊಡನೆಯೇ ಒಬ್ಬ ಮಹಾಪುರುಷ, ಒಂದು ಶುಭದಿನ, ಸಾವಿನ ಬಾಯಿಂದ ಹಿಂದಿರುಗಿದ ಒಬ್ಬ ರೋಗಿ ನಮ್ಮ ಕಣ್ಣೆದುರು ಬಂದು ನಿಲ್ಲುತ್ತಾರೆ. ಓದುವುದಕ್ಕೆ ಇದು ಹಿತವಾದ ಕಥೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮದ್ದುಗಳಲ್ಲಿ ಎಷ್ಟೋ ಹೀಗೆ ಗೆಲ್ಲುವುದೂ ಇಲ್ಲ, ಪೂರಾ ಸೋಲುವುದೂ ಇಲ್ಲ. ವರ್ಷಗಟ್ಟಲೆ ನಡುದಾರಿಯಲ್ಲಿ ನಡೆಯುತ್ತಲೇ ಇರುತ್ತವೆ. ಅಂಥ ಒಂದು ಮದ್ದಿನ ಕಥೆ ನಮ್ಮ ಬೆಂಗಳೂರಿಗೂ ಸೇರಿದ್ದಾಗಿದೆ. ಬಾಸ್ಟನ್ನಿನಲ್ಲಿ ಅದರ ಗುರುತು ಸಿಕ್ಕಿತು, ಕ್ಯೂಬಾದ ಹವಾನಾದಲ್ಲಿ ಅದರ ಬೀಜ ಮೊಳೆಯಿತು, ಬೆಂಗಳೂರಿನಲ್ಲಿ ಅದು ಮದ್ದಿನ ಸೀಸೆಯನ್ನು ಸೇರಿತು. ಮದ್ದಿನ ಹೆಸರು ಇಟೊಲಿಜುಮ್ಯಾಬ್. ಅದು ಹೋಗಿ ಹಿಡಿಯುವ ಗುರಿ ನಮ್ಮ ರಕ್ತದಲ್ಲಿರುವ ಕಾವಲುಕಣಗಳ ಮೈಮೇಲಿನ ಒಂದು ಪ್ರೋಟೀನು. ಅದನ್ನು ವಿಜ್ಞಾನಿಗಳು ಸಿಡಿ ೬ ಎಂದು ಕರೆಯುತ್ತಾರೆ.

ಗುರಿ ಸಿಕ್ಕಿತು ಎನ್ನುವುದಕ್ಕೂ ಮದ್ದು ಸಿಕ್ಕಿತು ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ತಿಳಿಯಬೇಕಾದರೆ ಈ ನಲವತ್ತು ವರ್ಷಗಳ ಕಥೆಗಿಂತ ಒಳ್ಳೆಯ ಪಾಠ ಇಲ್ಲ. ಆ ದೂರವನ್ನು ನಡೆದೇ ತೀರಬೇಕು. ಹಾರಿ ದಾಟಲು ಹೋದವರು ಏನನ್ನು ಕಳೆದುಕೊಂಡರು ಎಂಬುದೂ ಈ ಕಥೆಯಲ್ಲಿಯೇ ಇದೆ.

ಒಂದು ಹೆಸರಿನ ಭಾರ

ಕಥೆ ಮೊದಲಾಗುವುದು ಚರ್ಮದಿಂದ. ಮೊಣಕೈ, ಮೊಣಕಾಲು, ತಲೆ, ಬೆನ್ನುಗಳ ಮೇಲೆ ಕೆಂಪು ಪಟ್ಟೆಗಳೆದ್ದು, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹೊಪ್ಪಳೆಗಳು ಉದುರುವ ಕಾಯಿಲೆಯೊಂದುಂಟು. ಇದನ್ನು ಸೋರಿಯಾಸಿಸ್ ಎನ್ನುತ್ತಾರೆ. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಒಟ್ಟಿಗೆ ಉಂಡರೆ ಬರುವುದಿಲ್ಲ, ಒಂದೇ ಚಾಪೆಯಲ್ಲಿ ಮಲಗಿದರೂ ಬರುವುದಿಲ್ಲ. ಆದರೆ ಈ ಮಾತನ್ನು ಜನ ನಂಬಬೇಕಲ್ಲ! ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಸುತ್ತುಮುತ್ತಲೆಂದಲ್ಲ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯೆಂದೂ ಅಲ್ಲ. ನಾಡಿನ ಯಾವ ಊರಿಗೆ ಹೋದರೂ ಇಂಥ ಚರ್ಮವುಳ್ಳವನು ಪಂಕ್ತಿಯಲ್ಲಿ ಕುಳಿತರೆ ಪಕ್ಕದವನು ಎಲೆಯನ್ನು ಒಂದು ಗೇಣು ಅತ್ತ ಸರಿಸಿಕೊಳ್ಳುತ್ತಾನೆ. ಹೆಣ್ಣು ಮಗಳಿಗೆ ಬಂದರಂತೂ ಮದುವೆಯ ಮಾತೇ ನಿಂತುಹೋಗುತ್ತದೆ. ಕಾಯಿಲೆಯ ತುರಿಕೆಗಿಂತ ಜನರ ಕಣ್ಣಿನ ಚುಚ್ಚುವಿಕೆಯೇ ಹೆಚ್ಚು.

ಇದಕ್ಕೆ ಕಾರಣ ಹೆಸರಿನಲ್ಲಿದೆ. ನಮ್ಮ ಹಳೆಯ ವೈದ್ಯಶಾಸ್ತ್ರದಲ್ಲಿ ಚರ್ಮದ ಅನೇಕ ರೋಗಗಳಿಗೆ ‘ಕುಷ್ಠ’ ಎಂಬ ಒಂದೇ ಮಾತು. ಚರಕಸಂಹಿತೆಯು ಹದಿನೆಂಟು ಬಗೆಯ ಕುಷ್ಠಗಳನ್ನು ಹೇಳಿ, ಏಳನ್ನು ಮಹಾಕುಷ್ಠಗಳೆಂದೂ ಹನ್ನೊಂದನ್ನು ಕ್ಷುದ್ರಕುಷ್ಠಗಳೆಂದೂ ವಿಂಗಡಿಸುತ್ತದೆ. ಕ್ಷುದ್ರಕುಷ್ಠಗಳಲ್ಲಿ ‘ಏಕಕುಷ್ಠ’ ಎಂಬುದೊಂದು. ಚರ್ಮವು ಮೀನಿನ ಹುರುಪೆಯಂತೆ ಆಗುವುದು ಅದರ ಲಕ್ಷಣ. ಈಗಿನ ಆಯುರ್ವೇದ ಪಂಡಿತರಲ್ಲಿ ಬಹುಮಂದಿ ಸೋರಿಯಾಸಿಸನ್ನು ಇದರೊಡನೆ ಹೋಲಿಸುತ್ತಾರೆ. ಶಾಸ್ತ್ರಕಾರನು ಭೇದವನ್ನು ಬಲ್ಲವನಾಗಿದ್ದನು. ಆದರೆ ಲೋಕಕ್ಕೆ ಉಳಿದದ್ದು ಭೇದವಲ್ಲ, ‘ಕುಷ್ಠ’ ಎಂಬ ಭಯಂಕರ ಶಬ್ದ ಮಾತ್ರ.

ಯೂರೋಪಿನಲ್ಲಿಯೂ ಕಥೆ ಬೇರೆಯಾಗಿರಲಿಲ್ಲ. ಅಲ್ಲಿಯೂ ಈ ರೋಗಿಗಳನ್ನು ಶತಮಾನಗಳ ಕಾಲ ಕುಷ್ಠರೋಗಿಗಳೊಡನೆ ಸೇರಿಸಿ ಎಣಿಸುತ್ತಿದ್ದರು. ೧೮೦೮ರಲ್ಲಿ ಲಂಡನ್ನಿನ ರಾಬರ್ಟ್ ವಿಲನ್ ಎಂಬ ವೈದ್ಯನು ಈ ರೋಗದ ಲಕ್ಷಣಗಳನ್ನು ವಿವರವಾಗಿ ಬರೆದನು. ಆದರೂ ಕುಷ್ಠವೆಂಬರ್ಥದ ಹಳೆಯ ಹೆಸರು ಅದಕ್ಕೆ ಅಂಟಿಕೊಂಡೇ ಇತ್ತು. ೧೮೪೧ರಲ್ಲಿ ವಿಯೆನ್ನಾದ ಫರ್ಡಿನೆಂಡ್ ಹೆಬ್ರಾ ಆ ಹೆಸರನ್ನು ಕಿತ್ತು ಹಾಕಿ ಎರಡನ್ನೂ ಬೇರೆಬೇರೆ ಮಾಡಿದನು. ೧೮೭೩ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠಕ್ಕೆ ಕಾರಣವಾದ ಕ್ರಿಮಿಯನ್ನು ಕಂಡುಹಿಡಿದಮೇಲೆ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ಆದರೆ ವೈದ್ಯರ ಪುಸ್ತಕ ತಿದ್ದಿದಷ್ಟು ಬೇಗ ಊರಿನ ಮನಸ್ಸು ತಿದ್ದುವುದಿಲ್ಲ. ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿಡಲು ೧೮೯೮ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆ ನಮ್ಮ ದೇಶದಲ್ಲಿ ರದ್ದಾದದ್ದು ೨೦೧೬ರಲ್ಲಿ. ಗುಣವಾಗುವ ಕುಷ್ಠಕ್ಕೇ ಇಷ್ಟು ಕಾಲ ಬೇಕಾಯಿತೆಂದ ಮೇಲೆ, ಅದರ ಹೆಸರನ್ನು ತಪ್ಪಾಗಿ ಹೊತ್ತ ರೋಗದ ಪಾಡೇನು?

ಹಾಗಾದರೆ ಸೋರಿಯಾಸಿಸಿಗೆ ಕಾರಣವಾದ ಕ್ರಿಮಿ ಯಾವುದು? ಅಂಥ ಕ್ರಿಮಿಯೇ ಇಲ್ಲವೆಂಬುದು ನಿಧಾನವಾಗಿ ತಿಳಿಯಿತು. ೧೯೭೯ರಲ್ಲಿ ಕೀಲುವಾತದ ರೋಗಿಗಳಿಗೆ ಸೈಕ್ಲೊಸ್ಪೊರಿನ್ ಎಂಬ ಮದ್ದನ್ನು ಕೊಟ್ಟು ನೋಡುತ್ತಿದ್ದ ವೈದ್ಯರಿಗೆ ಒಂದು ಸೋಜಿಗ ಕಂಡಿತು: ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮ ತಾನಾಗಿಯೇ ತಿಳಿಯಾಗತೊಡಗಿತು. ಆ ಮದ್ದು ಚರ್ಮಕ್ಕೆ ಹಚ್ಚುವ ಮದ್ದಲ್ಲ. ಮೈಯ ಕಾವಲುಕಣಗಳನ್ನು ಅಡಗಿಸುವ ಮದ್ದು. ಅಂದಮೇಲೆ ತಪ್ಪು ಚರ್ಮದ್ದಲ್ಲ, ಕಾವಲಿನದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ದೇಹದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಇಲ್ಲ.

ಕಾವಲುಗಾರನ ಕೈ

ಕಾವಲು ಎಂದರೇನು, ಅದು ಶತ್ರುವನ್ನು ಗುರುತಿಸುವುದು ಹೇಗೆ? ೧೯೦೦ರ ಆಸುಪಾಸಿನಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇದಕ್ಕೊಂದು ಉತ್ತರ ಹೇಳಿದನು. ಜೀವಕಣದ ಹೊರಮೈಯಲ್ಲಿ ಕೈಗಳಂತೆ ಚಾಚಿಕೊಂಡಿರುವ ಭಾಗಗಳುಂಟು. ಬೀಗಕ್ಕೆ ತಕ್ಕ ಕೀಲಿಯಂತೆ, ಪ್ರತಿಯೊಂದು ಕೈಯೂ ತನಗೆ ಒಪ್ಪುವ ವಸ್ತುವನ್ನಷ್ಟೇ ಹಿಡಿಯುತ್ತದೆ ಎಂಬುದು ಅವನ ಊಹೆ. ಇದೇ ಇಂಗ್ಲಿಷಿನ ‘ರಿಸೆಪ್ಟರ್’. ಕನ್ನಡದಲ್ಲಿ ಇದಕ್ಕೆ ಕೆಲವರು ‘ಗ್ರಾಹಕ’ ಎಂದು ಬರೆಯುತ್ತಾರೆ; ಓದುಗನಿಗೆ ಅಂಗಡಿಯ ನೆನಪಾಗುತ್ತದೆ. ‘ಗ್ರಾಹಿ’ ಎಂಬುದು ಮೇಲು. ಹಿಡಿಯುವುದು ಎಂಬ ಅರ್ಥವೂ ಅದರಲ್ಲಿದೆ, ಅರಿಯುವುದು ಎಂಬ ಅರ್ಥವೂ ಇದೆ; ಈ ಪ್ರೋಟೀನುಗಳು ಮಾಡುವುದು ಎರಡನ್ನೂ.

ದೇಹವು ತನ್ನ ಮೇಲೆ ತಾನೇ ಕೈಮಾಡಲು ಹೆದರುತ್ತದೆ ಎಂದೂ ಎರ್ಲಿಕ್ ಬರೆದನು. ಆ ಮಾತಿನ ಪ್ರಭಾವ ಎಷ್ಟಾಯಿತೆಂದರೆ, ಬೇಲಿ ಹೊಲ ಮೇಯುವುದು ಸಾಧ್ಯವೆಂಬುದನ್ನು ಒಪ್ಪಲು ವಿಜ್ಞಾನಕ್ಕೆ ಅರ್ಧ ಶತಮಾನ ಹಿಡಿಯಿತು. ೧೯೬೧ರಲ್ಲಿ ಜಾಕ್ ಮಿಲರ್ ಎಂಬಾತ ಎದೆಗೂಡಿನ ಥೈಮಸ್ ಗ್ರಂಥಿಯು ಕಾವಲುಕಣಗಳ ಗರಡಿಮನೆಯೆಂದು ತೋರಿಸಿದನು. ಅಲ್ಲಿ ಪಳಗಿದ ಕಣಗಳಿಗೆ ಆ ಗ್ರಂಥಿಯ ಮೊದಲಕ್ಷರದಿಂದ ಟಿ ಕಣಗಳೆಂದು ಹೆಸರಾಯಿತು. ಸೋರಿಯಾಸಿಸಿನಲ್ಲಿ ಚರ್ಮದೊಳಕ್ಕೆ ನುಗ್ಗಿ ಕಿಡಿ ಹಚ್ಚುವವು ಇವೇ.

ಕಾವಲುಪಡೆಯ ಇನ್ನೊಂದು ಆಯುಧ ಪ್ರತಿಕಾಯ. ರಕ್ತದಲ್ಲಿ ತೇಲುತ್ತ, ಗೊತ್ತಾದ ಒಂದು ಗುರುತನ್ನು ಮಾತ್ರ ಹಿಡಿಯುವ ಪ್ರೋಟೀನು ಇದು. ಇದರ ಅಂಗರಚನೆಯನ್ನು ಬಿಡಿಸಿ ತೋರಿಸಿದ್ದು ಇಂಗ್ಲೆಂಡಿನ ರಾಡ್ನಿ ಪೋರ್ಟರ್. ೧೯೫೯ರಲ್ಲಿ ಅವನು ಪ್ರತಿಕಾಯವನ್ನು ಕತ್ತರಿಸಿ, ಹಿಡಿಯುವ ಭಾಗ ಯಾವುದು, ಹಿಡಿಯದ ಭಾಗ ಯಾವುದು ಎಂದು ಬೇರ್ಪಡಿಸಿದನು. ಕತ್ತರಿಸಲು ಅವನು ಬಳಸಿದ ಕತ್ತರಿ ಯಾವುದು ಗೊತ್ತೆ? ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇನ್! ಎಳೆಯ ಪರಂಗಿಯ ತುಂಡನ್ನು ಹಾಕಿದರೆ ಮಾಂಸ ಬೇಗ ಬೇಯುತ್ತದೆಂದು ನಮ್ಮ ಅಡುಗೆಮನೆಗಳು ಬಲ್ಲ ಸಂಗತಿಯೇ ಪ್ರಯೋಗಶಾಲೆಯಲ್ಲಿ ನೊಬೆಲ್ ಬಹುಮಾನದ ಮೆಟ್ಟಿಲಾಯಿತು. ೧೯೭೨ರಲ್ಲಿ ಆ ಬಹುಮಾನ ಅವನಿಗೂ ಅಮೆರಿಕದ ಎಡಲ್‌ಮನ್ನನಿಗೂ ಸಂದಿತು. ಈ ಪರಂಗಿಹಾಲನ್ನು ವಾಚಕರು ನೆನಪಿನಲ್ಲಿಡಬೇಕು. ಬೆಂಗಳೂರಿನಲ್ಲಿ ಅದು ಮತ್ತೆ ನಮಗೆ ಸಿಕ್ಕುತ್ತದೆ.

೧೯೭೫ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರತಿಕಾಯ ತಯಾರಿಸುವ ಇಲಿಯ ಕಣವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕಣದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಉಪಾಯವನ್ನು ಕಂಡುಹಿಡಿದರು. ಇದರಿಂದ ಕಾವಲುಕಣಗಳ ಮೈಮೇಲಿನ ಗ್ರಾಹಿಗಳನ್ನು ಒಂದೊಂದಾಗಿ ಗುರುತಿಸುವುದು ಸಾಧ್ಯವಾಯಿತು. ಆದರೆ ಪ್ರತಿಯೊಂದು ಪ್ರಯೋಗಶಾಲೆಯೂ ತಾನು ಕಂಡದ್ದಕ್ಕೆ ತನ್ನದೇ ಹೆಸರಿಟ್ಟು ಗೊಂದಲವೋ ಗೊಂದಲ. ೧೯೮೨ರಲ್ಲಿ ವಿಜ್ಞಾನಿಗಳು ಪ್ಯಾರಿಸ್ಸಿನಲ್ಲಿ ಸೇರಿ, ಒಂದೇ ಗುರುತನ್ನು ಹಿಡಿಯುವ ಪ್ರತಿಕಾಯಗಳನ್ನು ಒಂದು ಗೊಂಚಲೆಂದು ತಿಳಿದು ಸಂಖ್ಯೆ ಕೊಡುವ ಪದ್ಧತಿಯನ್ನು ಮೊದಲುಮಾಡಿದರು. ಸಿಡಿ ೬ ಎಂಬ ಹೆಸರಿನ ಹುಟ್ಟು ಹೀಗೆ.

ಬಾಸ್ಟನ್, ಹವಾನಾ, ಬೆಂಗಳೂರು

ಈ ಗ್ರಾಹಿಗೆ ಮೊದಲು ಬಾಸ್ಟನ್ನಿನಲ್ಲಿ ಟಿ ೧೨ ಎಂಬ ಹೆಸರಿತ್ತು. ೧೯೮೦ರ ದಶಕದ ಆರಂಭದಲ್ಲಿ ಅಲ್ಲಿನ ರೈನ್‌ಹರ್ಜ್, ಶ್ಲಾಸ್ಮನ್ ಮೊದಲಾದವರು ಇದನ್ನು ಹಿಡಿಯುವ ಪ್ರತಿಕಾಯವನ್ನು ತಯಾರಿಸಿದರು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಳ್ಳಿಹಾಕುತ್ತಿದ್ದ ರೋಗಿಗಳಿಗೆ ೧೯೮೩ರ ಹೊತ್ತಿಗೇ ಅದನ್ನು ಕೊಟ್ಟು ನೋಡಿದ್ದುಂಟು. ಬೇರೊಬ್ಬರ ಮೂಳೆಮಜ್ಜೆಯನ್ನು ರೋಗಿಗೆ ಕೊಡುವ ಮುನ್ನ, ಆ ಮಜ್ಜೆಯಲ್ಲಿದ್ದ ಸಿಡಿ ೬ ಹೊತ್ತ ಕಣಗಳನ್ನು ಸೋಸಿ ತೆಗೆದದ್ದೂ ಉಂಟು. ಹೊಸ ಮನೆಗೆ ಬಂದ ಕಾವಲುಗಾರರು ಆ ಮನೆಯವರ ಮೇಲೆಯೇ ಬೀಳದಿರಲಿ ಎಂದು. ೧೯೯೧ರಲ್ಲಿ ಈ ಪ್ರೋಟೀನಿನ ಜೀನು ಗೊತ್ತಾಯಿತು. ೧೯೯೫ರಲ್ಲಿ ಅದರ ಜೊತೆಗಾರನೂ ಗೊತ್ತಾದನು: ಬೇರೆ ಕಣಗಳ ಮೇಲಿರುವ ಆಲ್‌ಕ್ಯಾಮ್ ಎಂಬ ಪ್ರೋಟೀನು. ಸಿಡಿ ೬ ಎಂಬ ಕೈ ಚಾಚಿ ಟಿ ಕಣವು ಆಲ್‌ಕ್ಯಾಮನ್ನು ಹಿಡಿದುಕೊಂಡರೆ, ಅದಕ್ಕೆ ಅಲ್ಲಿ ನಿಲ್ಲಲೂ ನೆಲೆ ದೊರೆಯುತ್ತದೆ, ಕೆರಳಲೂ ಕುಮ್ಮಕ್ಕು ದೊರೆಯುತ್ತದೆ.

ಬಾಸ್ಟನ್ನಿನವರ ಉತ್ಸಾಹ ಮುಂದೆ ಬೇರೆ ಗ್ರಾಹಿಗಳ ಕಡೆಗೆ ಹರಿಯಿತು. ಆದರೆ ಅಮೆರಿಕದ ದಿಗ್ಬಂಧನದಲ್ಲಿದ್ದ ಪುಟ್ಟ ಕ್ಯೂಬಾ ದೇಶದಲ್ಲಿ ಈ ಗುರಿಯನ್ನು ಬಿಡದೆ ಹಿಡಿದವರಿದ್ದರು. ಹೊರಗಿನಿಂದ ಮದ್ದು ತರಿಸುವುದು ಕಷ್ಟವಾದಾಗ ತಾವೇ ಮಾಡಿಕೊಳ್ಳಬೇಕೆಂದು ಹೊರಟ ದೇಶವದು. ಹವಾನಾದ ಕ್ಯಾನ್ಸರ್ ಸಂಸ್ಥೆಯಲ್ಲಿ ಸಿಡಿ ೬ನ್ನು ಹಿಡಿಯುವ ಇಲಿಯ ಪ್ರತಿಕಾಯವೊಂದನ್ನು ೧೯೮೦ರ ದಶಕದಲ್ಲಿ ಬೆಳೆಸಿದ್ದರು. ೧೯೯೪ರಲ್ಲಿ ಸ್ಥಾಪಿತವಾದ ಅಲ್ಲಿನ ಅಣುರೋಗನಿರೋಧ ವಿಜ್ಞಾನ ಕೇಂದ್ರವು ಆ ಕೆಲಸವನ್ನು ಮುಂದುವರಿಸಿತು. ಇಲಿಯ ಪ್ರತಿಕಾಯವನ್ನು ಮನುಷ್ಯನ ದೇಹ ಪರಕೀಯವೆಂದು ತಳ್ಳುತ್ತದೆ. ಆದಕಾರಣ ಹಿಡಿಯುವ ತುದಿಯನ್ನಷ್ಟೇ ಇಲಿಯದಾಗಿ ಉಳಿಸಿ, ಮಿಕ್ಕ ಒಡಲನ್ನೆಲ್ಲ ಮನುಷ್ಯನ ಪ್ರತಿಕಾಯದಂತೆ ಮಾರ್ಪಡಿಸಿದರು. ಇದೇ ಮುಂದೆ ಇಟೊಲಿಜುಮ್ಯಾಬ್ ಎನಿಸಿತು.

ಇದರ ವಿಶೇಷ ಒಂದುಂಟು. ಸೈಕ್ಲೊಸ್ಪೊರಿನ್, ಸ್ಟೆರಾಯ್ಡ್ ಮೊದಲಾದ ಹಳೆಯ ಮದ್ದುಗಳು ಕಾವಲನ್ನು ಸಾರಾಸಗಟಾಗಿ ಅಡಗಿಸುತ್ತವೆ. ಒಂದು ಗದ್ದೆಗೆ ನೀರು ಹೆಚ್ಚಾಯಿತೆಂದು ಗೊರೂರಿನ ಅಣೆಕಟ್ಟಿನಲ್ಲಿಯೇ ಹೇಮಾವತಿಯನ್ನು ನಿಲ್ಲಿಸಿದರೆ ನಾಲೆಯುದ್ದಕ್ಕೂ ಇರುವ ರೈತರ ಗತಿಯೇನು? ಇಟೊಲಿಜುಮ್ಯಾಬ್ ಟಿ ಕಣಗಳನ್ನು ಕೊಲ್ಲುವುದಿಲ್ಲ. ಅವುಗಳ ಒಂದು ಕೈಯನ್ನು ಹಿಡಿದು, ಸಂಖ್ಯೆ ಬೆಳೆಯದಂತೆಯೂ ಉರಿಯನ್ನು ಎಬ್ಬಿಸುವ ರಸಗಳನ್ನು ಹೆಚ್ಚಾಗಿ ಸುರಿಸದಂತೆಯೂ ತಡೆಯುತ್ತದೆ. ಅಣೆಕಟ್ಟನ್ನು ಮುಚ್ಚದೆ ಆ ಗದ್ದೆಯ ತೂಬನ್ನು ಮಾತ್ರ ತುಸು ಇಳಿಸಿದಂತೆ ಎನ್ನಬಹುದು.

ಹವಾನಾದ ಈ ಬೀಜ ಬೆಂಗಳೂರಿನ ನೆಲ ಕಂಡ ಬಗೆ ಸ್ವಾರಸ್ಯವಾಗಿದೆ. ೧೯೭೮ರಲ್ಲಿ ಬೆಂಗಳೂರಿನ ಕಿರಣ್ ಮಜುಂದಾರ್ ಎಂಬ ತರುಣಿ ಹತ್ತು ಸಾವಿರ ರೂಪಾಯಿಗಳ ಬಂಡವಾಳದಿಂದ, ಐರ್ಲೆಂಡಿನ ಕಂಪೆನಿಯೊಂದರ ಜೊತೆಗೂಡಿ, ಬಯೋಕಾನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರವನ್ನು ಕಲಿತು ಬಂದಿದ್ದ ಅವರಿಗೆ, ಹೆಂಗಸೆಂಬ ಕಾರಣದಿಂದ ಆ ಉದ್ಯಮದಲ್ಲಿ ಕೆಲಸ ಸಿಕ್ಕಿರಲಿಲ್ಲ. ಬಾಡಿಗೆಯ ಕಾರು ಷೆಡ್ಡಿನಲ್ಲಿ ಮೊದಲಾದ ಆ ಕಾರ್ಖಾನೆ ತಯಾರಿಸುತ್ತಿದ್ದುದು ಮುಖ್ಯವಾಗಿ ಎರಡು ವಸ್ತುಗಳನ್ನು: ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್ ಒಂದು, ಪರಂಗಿಯ ಹಾಲಿನಿಂದ ತೆಗೆಯುವ ಪಪೇನ್ ಇನ್ನೊಂದು. ಪೋರ್ಟರನು ಪ್ರತಿಕಾಯವನ್ನು ಕತ್ತರಿಸಿದ ಅದೇ ಪಪೇನ್! ಪರಂಗಿಹಾಲು ಮಾರಿ ಬದುಕಲು ಹೊರಟ ಸಂಸ್ಥೆ ಕಾಲು ಶತಮಾನದ ಮೇಲೆ ಪ್ರತಿಕಾಯಗಳನ್ನೇ ತಯಾರಿಸತೊಡಗಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಹವಾನಾದ ಕೇಂದ್ರದೊಡನೆ ಅದು ಪಾಲುದಾರಿಕೆ ಮಾಡಿಕೊಂಡಿತು. ತಲೆ ಮತ್ತು ಕತ್ತಿನ ಕ್ಯಾನ್ಸರಿಗೆಂದು ಕ್ಯೂಬಾದಲ್ಲಿ ಹುಟ್ಟಿದ್ದ ಇನ್ನೊಂದು ಪ್ರತಿಕಾಯ ೨೦೦೬ರಲ್ಲಿ ಬೆಂಗಳೂರಿನಿಂದ ಹೊರಬಂದಿತು. ಸಿಡಿ ೬ರ ಸರದಿ ಆಮೇಲೆ.

ಅಳತೆಗೋಲು

೨೦೦೬ರ ವರ್ಷ ಈ ಬಗೆಯ ಮದ್ದುಗಳಿಗೆ ಎಚ್ಚರಿಕೆಯ ವರ್ಷವೂ ಆಗಿತ್ತು. ಆ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಟಿ ಕಣದ ಇನ್ನೊಂದು ಗ್ರಾಹಿಯಾದ ಸಿಡಿ ೨೮ನ್ನು ಹಿಡಿಯುವ ಹೊಸ ಪ್ರತಿಕಾಯವನ್ನು ಆರೋಗ್ಯವಂತರಾದ ಆರು ಮಂದಿ ಗಂಡಸರಿಗೆ ಮೊಟ್ಟಮೊದಲ ಬಾರಿಗೆ ಕೊಟ್ಟರು. ಪ್ರಾಣಿಗಳಲ್ಲಿ ಅದು ಯಾವ ಕೇಡನ್ನೂ ಮಾಡಿರಲಿಲ್ಲ. ಆದರೆ ಈ ಆರೂ ಮಂದಿ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ಬಿದ್ದರು. ಕಾವಲುಕಣಗಳೆಲ್ಲ ಒಮ್ಮೆಗೇ ಕೆರಳಿ ದೇಹದೊಳಗೆ ಬಿರುಗಾಳಿ ಎದ್ದಂತಾಯಿತು. ಆರು ಮಂದಿಯೂ ಬದುಕಿ ಉಳಿದರೆಂಬುದೇ ಸಮಾಧಾನ. ಗ್ರಾಹಿಯನ್ನು ಮುಟ್ಟುವುದೆಂದರೆ ಮಲಗಿದ ಹುಲಿಯ ಮೀಸೆ ಮುಟ್ಟಿದಂತೆ ಎಂಬುದನ್ನು ಲೋಕ ಅಂದು ಕಲಿಯಿತು.

ಇಟೊಲಿಜುಮ್ಯಾಬಿನ ಪರೀಕ್ಷೆ ಭಾರತದಲ್ಲಿ ಕ್ರಮವಾಗಿಯೇ ನಡೆಯಿತು. ಮೈಯ ಬಹುಭಾಗ ಸೋರಿಯಾಸಿಸಿಗೆ ತುತ್ತಾಗಿದ್ದ ಇನ್ನೂರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಬೇರೆಬೇರೆ ಕ್ರಮದಲ್ಲಿ ಮದ್ದು. ಮೂರನೆಯದಕ್ಕೆ ಮೊದಲ ಹನ್ನೆರಡು ವಾರ ಹುಸಿಮದ್ದು. ರೋಗ ನಾಲ್ಕರಲ್ಲಿ ಮೂರು ಪಾಲು ಇಳಿದರೆ ಗೆದ್ದಂತೆ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ಹನ್ನೆರಡನೆಯ ವಾರದಲ್ಲಿ ನೋಡಿದಾಗ, ಮದ್ದು ಪಡೆದವರಲ್ಲಿ ಒಂದು ಗುಂಪಿನ ನೂರಕ್ಕೆ ೨೭ ಮಂದಿಗೂ ಇನ್ನೊಂದರ ನೂರಕ್ಕೆ ೩೬ ಮಂದಿಗೂ ಆ ಮಟ್ಟದ ಗುಣ ಕಂಡಿತ್ತು. ಹುಸಿಮದ್ದಿನ ಗುಂಪಿನಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ. ಮದ್ದಿನಲ್ಲಿ ಸತ್ತ್ವವಿದೆ ಎಂಬುದು ನಿಸ್ಸಂದೇಹವಾಯಿತು. ೨೦೧೩ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಅದು ಆಲ್ಜುಮ್ಯಾಬ್ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಸಿಡಿ ೬ನ್ನು ಹಿಡಿಯುವ ಮದ್ದು ಹೀಗೆ ಪೇಟೆಯನ್ನು ಕಂಡದ್ದು ಜಗತ್ತಿನಲ್ಲಿ ಅದೇ ಮೊದಲು.

ಆದರೆ ಅಳತೆಗೋಲು ಒಂದೆಡೆ ನಿಲ್ಲುವುದಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಇಂಟರ್‌ಲ್ಯೂಕಿನ್ ೧೭ ಎಂಬ ಉರಿರಸವನ್ನು ತಡೆಯುವ ಮದ್ದು ಹೊರದೇಶಗಳಲ್ಲಿ ಬಂದಿತು. ಅದರ ಪರೀಕ್ಷೆಗಳಲ್ಲಿ ಹನ್ನೆರಡು ವಾರಗಳಲ್ಲೇ ನೂರಕ್ಕೆ ೭೫ಕ್ಕೂ ಮೀರಿದ ಮಂದಿಗೆ ಅದೇ ಮಟ್ಟದ ಗುಣ ಕಂಡಿತ್ತು. ನಮ್ಮ ಮದ್ದು ಸುಳ್ಳಾಗಲಿಲ್ಲ; ಆದರೆ ಓಟದಲ್ಲಿ ಹಿಂದೆ ಬಿದ್ದಿತು.

೨೦೨೦ರ ಅವಸರ

೨೦೨೦ರಲ್ಲಿ ಕೊರೋನಾ ಬಂದಿತು. ಆ ರೋಗದಲ್ಲಿ ಸತ್ತವರೆಷ್ಟೋ ಮಂದಿ ವೈರಸ್ಸಿನಿಂದ ಮಾತ್ರ ಸಾಯಲಿಲ್ಲ, ತಮ್ಮದೇ ಕಾವಲಿನ ಬಿರುಗಾಳಿಯಿಂದ ಸತ್ತರು. ಹಾಗಾದರೆ ಕಾವಲನ್ನು ಹಿಡಿದು ನಿಲ್ಲಿಸುವ ಮದ್ದು ಉಪಯೋಗಕ್ಕೆ ಬರಬಾರದೇಕೆ? ವಿಚಾರ ಸರಿಯಾದದ್ದೇ. ಕ್ಯೂಬಾದಲ್ಲಿ ವೃದ್ಧರಿಗೆ ಕೊಟ್ಟು ನೋಡಿದರು. ಭಾರತದಲ್ಲಿ ಮುಂಬಯಿ, ದೆಹಲಿಗಳ ನಾಲ್ಕು ಆಸ್ಪತ್ರೆಗಳಲ್ಲಿ ಮೂವತ್ತು ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಮದ್ದು ಪಡೆದ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ತಿಂಗಳೊಳಗೆ ಸಾಯಲಿಲ್ಲ. ಪಡೆಯದ ಹತ್ತು ಮಂದಿಯಲ್ಲಿ ಮೂವರು ಸತ್ತರು. ಆ ಜುಲೈ ತಿಂಗಳಲ್ಲಿ ಭಾರತದ ಔಷಧ ನಿಯಂತ್ರಕರು ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟರು. ದೊಡ್ಡ ಪರೀಕ್ಷೆಯನ್ನು ಒಪ್ಪಿಗೆಗೆ ಮುಂಚೆಯೇ ಮಾಡಬೇಕೆಂಬ ನಿಯಮವನ್ನು ಸಡಿಲಿಸಿದರು. ಸೀಸೆಯೊಂದಕ್ಕೆ ಸುಮಾರು ೮,೦೦೦ ರೂಪಾಯಿ. ಒಬ್ಬ ರೋಗಿಗೆ ಸುಮಾರು ೩೨,೦೦೦ ರೂಪಾಯಿ.

ಮೂವತ್ತು ಮಂದಿ ಎಂಬ ಸಂಖ್ಯೆಯನ್ನು ಕೇಳಿ ವೈದ್ಯಲೋಕದಲ್ಲಿ ಅನೇಕರು ಹುಬ್ಬೇರಿಸಿದರು. ಸಾಯುವ ಮೂವರೂ ಮದ್ದಿಲ್ಲದ ಹತ್ತರ ಗುಂಪಿಗೇ ಬೀಳುವುದು, ಮದ್ದಿನಲ್ಲಿ ಏನೂ ಇಲ್ಲದಿದ್ದರೂ, ನೂರು ಸಲ ಚೀಟಿ ಎತ್ತಿದರೆ ಮೂರು ಸಲ ನಡೆದೀತು ಎಂದು ಲೆಕ್ಕ ಬಲ್ಲವರು ಹೇಳಬಲ್ಲರು. ಅದೂ ಅಲ್ಲದೆ ಯಾರಿಗೆ ಮದ್ದು ಸಿಕ್ಕಿದೆ ಎಂಬುದು ವೈದ್ಯರಿಗೆ ಗೊತ್ತಿತ್ತು. ಗೊತ್ತಿದ್ದಾಗ ಆರೈಕೆಯ ತಕ್ಕಡಿ ತಿಳಿಯದೆಯೇ ಒಂದು ಕಡೆ ವಾಲೀತು. ಕೇಂದ್ರ ಸರ್ಕಾರದ ತಜ್ಞರ ಕಾರ್ಯಪಡೆ ಈ ಮದ್ದನ್ನು ರಾಷ್ಟ್ರದ ಚಿಕಿತ್ಸಾ ಕ್ರಮದಲ್ಲಿ ಸೇರಿಸಲು ಒಪ್ಪಲಿಲ್ಲ. ಒಂದು ಕಚೇರಿ ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು. ನಡುವೆ ನಿಂತವರು ಆಸ್ಪತ್ರೆಯ ಹೊಸ್ತಿಲಲ್ಲಿ ಹಣ ಹೊಂದಿಸುತ್ತಿದ್ದ ರೋಗಿಗಳ ಮನೆಯವರು.

ಅದೇ ವರ್ಷದ ಜೂನಿನಲ್ಲಿ ಇಂಗ್ಲೆಂಡಿನಿಂದ ಇನ್ನೊಂದು ಸುದ್ದಿ ಬಂದಿತ್ತು. ಡೆಕ್ಸಾಮೆಥಸೋನ್ ಎಂಬ ಹಳೆಯ ಅಗ್ಗದ ಸ್ಟೆರಾಯ್ಡನ್ನು ೨,೧೦೪ ರೋಗಿಗಳಿಗೆ ಕೊಟ್ಟು, ಕೊಡದ ೪,೩೨೧ ರೋಗಿಗಳೊಡನೆ ಹೋಲಿಸಿ, ಉಸಿರಿನ ಯಂತ್ರಕ್ಕೆ ಒಳಗಾದವರಲ್ಲಿ ಸಾವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಯಿತೆಂದು ತೋರಿಸಿದ್ದರು. ಅದೇ ಪಿಡುಗಿನ ನಡುವೆ, ಅದೇ ಅವಸರದಲ್ಲಿ, ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕ್ರಮವಾಗಿ ಎಣಿಸುವುದು ಸಾಧ್ಯವಾಯಿತು. ಕಾವಲನ್ನು ಅಡಗಿಸಿದರೆ ಕೊರೋನಾದ ರೋಗಿ ಬದುಕಬಹುದೆಂಬ ವಿಚಾರ ಆ ಮದ್ದಿನಲ್ಲಿಯೂ ಇತ್ತು, ನಮ್ಮ ಮದ್ದಿನಲ್ಲಿಯೂ ಇತ್ತು. ಒಂದು ವಿಚಾರ ಜ್ಞಾನವಾಯಿತು. ಇನ್ನೊಂದು ವಿವಾದವಾಗಿಯೇ ಉಳಿಯಿತು. ಇಟೊಲಿಜುಮ್ಯಾಬ್ ಕೊರೋನಾಕ್ಕೆ ನಿಷ್ಪ್ರಯೋಜಕವೆಂದು ಇಲ್ಲಿ ಹೇಳುತ್ತಿಲ್ಲ. ಅದು ಪ್ರಯೋಜಕವೋ ಅಲ್ಲವೋ ಎಂಬುದನ್ನು ಸ್ಪಷ್ಟವಾಗಿ ತಿಳಿಯುವ ಹೊತ್ತು ಕೈತಪ್ಪಿ ಹೋಯಿತು ಎಂಬುದೇ ದುಃಖದ ಸಂಗತಿ. ಒಳ್ಳೆಯ ಮದ್ದಿಗೂ ಅವಸರ ಮಾಡಿದ ಅನ್ಯಾಯವಿದು.

ಚಾವಟಿಯೋ, ಮೂಗುದಾರವೋ

ಈ ನಡುವೆ ಪ್ರಯೋಗಶಾಲೆಗಳಲ್ಲಿ ಇನ್ನೂ ಮೂಲಭೂತವಾದ ಒಂದು ಪ್ರಶ್ನೆ ತಲೆಯೆತ್ತಿತ್ತು. ಸಿಡಿ ೬ ಎಂಬುದು ಟಿ ಕಣವನ್ನು ಓಡಿಸುವ ಚಾವಟಿಯೋ, ಹಿಡಿದು ನಿಲ್ಲಿಸುವ ಮೂಗುದಾರವೋ? ೨೦೧೬ರಲ್ಲಿ ಒಂದು ತಂಡದವರು ಈ ಗ್ರಾಹಿಯೇ ಇಲ್ಲದ ಇಲಿಗಳನ್ನು ಬೆಳೆಸಿ 
ನೋಡಿದರು, ಅವುಗಳಲ್ಲಿ ಕೀಲುವಾತ ಹೆಚ್ಚು ಉಗ್ರವಾಗಿತ್ತು. ಹಾಗಾದರೆ ಅದು ಮೂಗುದಾರ. ೨೦೧೭ರಲ್ಲಿ ಇನ್ನೊಂದು ತಂಡದವರು ಅಂಥವೇ ಇಲಿಗಳಲ್ಲಿ ಮಿದುಳುಬಳ್ಳಿಯ ಉರಿಯೂತವನ್ನು ಎಬ್ಬಿಸಲು ನೋಡಿದರು. ಅವು ಆ ರೋಗಕ್ಕೆ ಅಷ್ಟಾಗಿ ಬಲಿಯಾಗಲಿಲ್ಲ. ಹಾಗಾದರೆ ಅದು ಚಾವಟಿ. ಅದೇ ವರ್ಷ ಈ ಗ್ರಾಹಿಗೆ ಆಲ್‌ಕ್ಯಾಮ್ ಅಲ್ಲದೆ ಸಿಡಿ ೩೧೮ ಎಂಬ ಎರಡನೆಯ ಜೊತೆಗಾರನೂ ಇದ್ದಾನೆಂದು ತಿಳಿದುಬಂದಿತು. ಒಂದೇ ಹಗ್ಗ ಎತ್ತನ್ನು ಎಳೆಯಲೂ ಆಗುತ್ತದೆ, ನಿಲ್ಲಿಸಲೂ ಆಗುತ್ತದೆ. ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗುರಿಯ ಸ್ವಭಾವವೇ ಇಷ್ಟು ಸೂಕ್ಷ್ಮವಾಗಿರುವಾಗ, ಗುರಿ ಸಿಕ್ಕಿದೊಡನೆ ಮದ್ದು ಸಿಕ್ಕಿತೆಂದು ಹಿಗ್ಗುವುದು ಹೇಗೆ?

೨೦೧೭ರಲ್ಲಿಯೇ ಅಮೆರಿಕದ ಇಕ್ವಿಲಿಯಮ್ ಎಂಬ ಕಂಪೆನಿ ಬೆಂಗಳೂರಿನಿಂದ ಈ ಮದ್ದಿನ ಹಕ್ಕನ್ನು ಪಡೆಯಿತು. ಅವರು ಆರಿಸಿಕೊಂಡ ರೋಗ ಯಾವುದೆಂದರೆ, ಮೂಳೆಮಜ್ಜೆಯ ಕಸಿಯಾದ ಮೇಲೆ ದಾನಿಯ ಕಾವಲುಕಣಗಳು ರೋಗಿಯ ಮೇಲೆ ಬೀಳುವ ಆ ಭೀಕರ ವ್ಯಾಧಿ. ಬಾಸ್ಟನ್ನಿನವರು ಮೂರು ದಶಕಗಳ ಹಿಂದೆ ಕಣ ಸೋಸಿ ತಡೆಯಲು ಹೊರಟಿದ್ದ ವ್ಯಾಧಿಯೇ ಅದು! ಸುತ್ತಿ ಬಳಸಿ ಕಥೆ ಹೊರಟಲ್ಲಿಗೇ ಬಂದಿತ್ತು. ಈ ಬಾರಿ ಪರೀಕ್ಷೆ ದೊಡ್ಡದು, ಹುಸಿಮದ್ದಿನೊಡನೆ ಹೋಲಿಸಿದ್ದು, ಅವಸರವಿಲ್ಲದ್ದು. ೨೦೨೫ರ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಹೊರಬಿತ್ತು. ಇಪ್ಪತ್ತೊಂಬತ್ತನೆಯ ದಿನಕ್ಕೆ ಎಂದು ಗೊತ್ತುಮಾಡಿಕೊಂಡಿದ್ದ ಗುರಿಯನ್ನು ಮದ್ದು ಮುಟ್ಟಲಿಲ್ಲ. ದೀರ್ಘಕಾಲದಲ್ಲಿ ಕೆಲವು ಲಾಭಗಳು ಕಾಣುತ್ತವೆಂದು ಕಂಪೆನಿ ಹೇಳಿತಾದರೂ, ಅಮೆರಿಕದ ಔಷಧ ನಿಯಂತ್ರಕರು ಅದನ್ನು ಒಪ್ಪಿಗೆಯ ಒಳದಾರಿಯೆಂದು ಮನ್ನಿಸಲಿಲ್ಲ.

ಸೋಲೇ ಇದು? ಒಂದರ್ಥದಲ್ಲಿ ಸೋಲು. ಆದರೆ ೨೦೨೦ರ ಮೂವತ್ತು ಮಂದಿಯ ಗೆಲುವಿಗಿಂತ ೨೦೨೫ರ ಈ ಸೋಲು ಹೆಚ್ಚು ಬೆಲೆಯುಳ್ಳದ್ದು. ಆ ಗೆಲುವಿನಿಂದ ನಮಗೆ ತಿಳಿದದ್ದು ಅಲ್ಪ. ಈ ಸೋಲಿನಿಂದ ತಿಳಿದದ್ದು ನಿಶ್ಚಿತ. ಸೋತೆನೆಂದು ಹೇಳಬಲ್ಲ ಪರೀಕ್ಷೆ ಮಾತ್ರ ಗೆದ್ದೆನೆಂದಾಗ ನಂಬಲು ಯೋಗ್ಯ.

ಇಷ್ಟೆಲ್ಲ ಹೇಳಿದ್ದು ಬೆಂಗಳೂರಿನ ಸಾಧನೆಯನ್ನು ಕಿರಿದುಮಾಡುವುದಕ್ಕಲ್ಲ. ಪರಂಗಿಹಾಲಿನಿಂದ ಹೊರಟು ಪ್ರತಿಕಾಯದವರೆಗೆ ನಡೆದು ಬಂದ ದಾರಿ ಸಾಮಾನ್ಯವಾದುದಲ್ಲ. ಬಡ ದ್ವೀಪವೊಂದರ ವಿಜ್ಞಾನಿಗಳೂ ನಮ್ಮ ನಾಡಿನ ತಂತ್ರಜ್ಞರೂ ಸೇರಿ, ದೊಡ್ಡ ದೇಶಗಳು ಬದಿಗಿಟ್ಟ ಗುರಿಯೊಂದನ್ನು ಹಿಡಿದು ನಿಜವಾದ ಮದ್ದನ್ನೇ ಮಾಡಿದರು. ಸೋರಿಯಾಸಿಸಿನ ರೋಗಿಗಳಲ್ಲಿ ಮೂವರಿಗೊಬ್ಬರ ಚರ್ಮ ಅದರಿಂದ ತಿಳಿಯಾಯಿತು. ಅದು ಹೆಮ್ಮೆಪಡಬೇಕಾದ ಮಾತೇ. ಆದರೆ ಹೆಮ್ಮೆಯೂ ಒಂದು ಬಗೆಯ ಕಾವಲು. ಹದದಲ್ಲಿದ್ದರೆ ನಾಡನ್ನು ಕಾಯುತ್ತದೆ. ಮಿತಿ ಮೀರಿದರೆ ಅದೇ ಹೊಲಕ್ಕೆ ಬಾಯಿಹಾಕುತ್ತದೆ. ನಮ್ಮ ಊರಿನ ಮದ್ದು ಎಂಬ ಕಾರಣಕ್ಕೆ ಎಣಿಕೆಯನ್ನು ಸಡಿಲಿಸಿದರೆ, ಆ ಸಡಿಲಿಕೆಯ ಬೆಲೆ ತೆರುವವರು ಊರಿನವರೇ.

ಹರದನಹಳ್ಳಿಯಿಂದಲೋ ಅರಕಲಗೂಡಿನಿಂದಲೋ ಹಾಸನದ ದೊಡ್ಡಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಬಸ್ಸು ಹತ್ತುವ ರೋಗಿಗೆ ಸಿಡಿ ೬ ಎಂಬ ಹೆಸರು ಗೊತ್ತಿರಬೇಕಾದ್ದಿಲ್ಲ. ಅವನಿಗೆ ಎರಡು ಸಂಗತಿ ಗೊತ್ತಿದ್ದರೆ ಸಾಕು. ಮೊದಲನೆಯದು, ತನ್ನ ಚರ್ಮದ ಕಾಯಿಲೆ ಪಾಪದ ಫಲವಲ್ಲ, ಅಂಟುವ ಕುಷ್ಠವಲ್ಲ. ತನ್ನನ್ನು ಕಾಯಬೇಕಾದ ಕಣಗಳೇ ದಾರಿ ತಪ್ಪಿ ಮಾಡಿದ ಕೆಲಸ. ಎರಡನೆಯದು, ಹೊಸ ಮದ್ದಿನ ಹೆಸರು ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆ: ಇದನ್ನು ಎಷ್ಟು ಮಂದಿಗೆ ಕೊಟ್ಟು ನೋಡಿದ್ದಾರೆ, ಕೊಡದವರೊಡನೆ ಹೋಲಿಸಿದ್ದಾರೆಯೆ? ಮೊದಲನೆಯದನ್ನು ಅವನಿಗಿಂತ ಹೆಚ್ಚಾಗಿ ತಿಳಿಯಬೇಕಾದವರು ಪಂಕ್ತಿಯಲ್ಲಿ ಅವನ ಪಕ್ಕ ಕುಳಿತವರು. ಸರಿದ ಎಲೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಳ್ಳುವುದಕ್ಕೆ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾಯಬೇಕಾಗಿಲ್ಲ. ಆ ಮದ್ದಿಗೆ ೧೮೪೧ರಲ್ಲಿಯೇ ಒಪ್ಪಿಗೆ ಸಿಕ್ಕಿದೆ.